ಪದ್ಮಿನಿಯ ಹಿಂದಿನ ಪ್ಲೇಟು: ಬಿಚ್ಚಿದ್ದು ಒಂದು ದಿನ, ಜೋಡಿಸಿದ್ದು ಆರು ಭಾನುವಾರ

ನಮ್ಮ ಪದ್ಮಿನಿ ಕಾರಿನ ಹಿಂದಿನ ಎರಡೂ ಪ್ಲೇಟ್ ಸೆಟ್ (ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್) ಬಿಚ್ಚಿ, ಗೋಣಿಚೀಲದ ಮೇಲೆ ಉದ್ದದಿಂದ ಗಿಡ್ಡಕ್ಕೆ ಸಾಲಾಗಿ ಜೋಡಿಸಿದಾಗ ಎರಡು ಕಡೆಯೂ ಒಂದೊಂದು ಪ್ಲೇಟು ಜಾಸ್ತಿ ಇತ್ತು. ಉಳಿದ ಪ್ಲೇಟುಗಳ ತುದಿ ಒಂದೇ ಥರ ಕತ್ತರಿಸಿದ್ದವು. ಇದರ ತುದಿ ಬೇರೆ ಥರ. ದಪ್ಪ ಕೂಡ ಸ್ವಲ್ಪ ಜಾಸ್ತಿ. ಮಾವ ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಇದು ನಿಮ್ಮಪ್ಪ ಹಾಕ್ಸಿದ್ದು ಕಣೋ. ಕೊಬ್ಬರಿ ಚೀಲಕ್ಕೆ" ಅಂದರು.

ಅಪ್ಪನ ಗಾಡಿ ಇದು. 1983ರ ಪ್ರೀಮಿಯರ್ ಪದ್ಮಿನಿ. ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಹಾಕುವ ದಿನ ಡಿಕ್ಕಿಯಲ್ಲಿ ಎರಡು ಚೀಲ, ಹಿಂದಿನ ಸೀಟಿನ ಮೇಲೆ ಒಂದು ಚೀಲ ಹೇರಿಕೊಂಡು ಹೋಗುತ್ತಿದ್ದರು. ಹಾಗೆ ಹೇರಿದರೆ ಗಾಡಿಯ ಹಿಂಭಾಗ ನೆಲಕ್ಕೆ ಕೂರುತ್ತದೆ. ಅದಕ್ಕೆ ಒಂದು ಪ್ಲೇಟು ಸೇರಿಸಿದ್ದರು. ಆ ಕಾಲದಲ್ಲಿ ಬಾಡಿಗೆಗೆ ಓಡುವ ಗಾಡಿಗಳಿಗೆಲ್ಲ ಇದು ಮಾಮೂಲಿ ಕೆಲಸ. ಈ ಎರಡು ಪ್ಲೇಟು ಮುಂದೆ ನಮಗೆ ಎಷ್ಟು ಕೆಲಸ ಕೊಡುತ್ತವೆ ಅಂತ ಅವತ್ತು ಗೊತ್ತಿರಲಿಲ್ಲ.

ಮಾವನ ಬಗ್ಗೆ ಒಂದು ಮಾತು ಹೇಳಬೇಕು. ಅಮ್ಮನ ತಮ್ಮ. ಸರ್ಕಾರಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ತುಮಕೂರಿನ ಶಿರಾ ಗೇಟ್ ಹತ್ತಿರ ಮನೆ. ಭಾನುವಾರ ಬೆಳಿಗ್ಗೆ ಏಳಕ್ಕೆಲ್ಲ ಬಟವಾಡಿಯ ನಮ್ಮ ಮನೆಗೆ ಬಂದು, ಕಾಫಿ ಕುಡಿದು, ಅಂಗಿ ಬದಲಾಯಿಸಿ ಗಾಡಿ ಕೆಳಗೆ ಹೋಗಿಬಿಡುತ್ತಾರೆ. ಓದಿ ತಿಳಿದುಕೊಳ್ಳುವ ಕೆಲಸ ನನ್ನದು, ಕೈಯಲ್ಲಿ ಹಿಡಿದು ತಿಳಿದುಕೊಳ್ಳುವ ಕೆಲಸ ಅವರದು.

ಪದ್ಮಿನಿಯ ಹಿಂಭಾಗ ನೋಡೋಕೆ ತುಂಬಾ ಸರಳ. ಅಡ್ಡಕ್ಕೆ ಒಂದು ಗಟ್ಟಿ ಆಕ್ಸಲ್. ಎಡಕ್ಕೊಂದು ಬಲಕ್ಕೊಂದು ಪ್ಲೇಟ್ ಸೆಟ್. ಎರಡು ಶಾಕ್ ಅಬ್ಸಾರ್ಬರ್. ಮುಂದಿನ ಚಕ್ರಗಳಿಗೆ ಸುರುಳಿ ಸ್ಪ್ರಿಂಗ್ ಇದೆ, ಆರ್ಮ್‌ಗಳಿವೆ. ಹಿಂದೆ ಅದ್ಯಾವುದೂ ಇಲ್ಲ. ಭಾರ ಹೊರುವುದೂ ಪ್ಲೇಟೇ, ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದಿಡುವುದೂ ಪ್ಲೇಟೇ. ಗಾಡಿ ಮುಂದೆ ಹೋಗುವಾಗ ಚಕ್ರ ತಳ್ಳುವ ಬಲ ಪ್ಲೇಟಿನ ಮುಂದಿನ ಕಣ್ಣಿನ ಮೂಲಕವೇ ಗಾಡಿಯ ಬಾಡಿಯನ್ನು ತಲುಪುತ್ತದೆ. ಬ್ರೇಕ್ ಹಿಡಿದರೆ ಅದೇ ದಾರಿಯಲ್ಲಿ ಎಳೆತ ಬರುತ್ತದೆ. ಕಣ್ಣು ಅಂದರೆ ದೊಡ್ಡ ಪ್ಲೇಟಿನ ತುದಿ ಸುತ್ತಿಕೊಂಡಿರುವ ಜಾಗ, ಬುಶ್ (ಅಲುಗಾಟ ನುಂಗುವ ರಬ್ಬರಿನ ಕೊಳವೆ) ಕೂರುವ ತೂತು. ಮುಂದಿನ ಕಣ್ಣು ಗಾಡಿಯ ಬಾಡಿಯ ಜೊತೆ ನೇರವಾಗಿ ಬೋಲ್ಟ್ ಆಗಿರುತ್ತದೆ. ಹಿಂದಿನ ಕಣ್ಣು ಅಲುಗಾಡುವ ಕೊಂಡಿಯೊಂದರಲ್ಲಿ, ಅಂದರೆ ಶ್ಯಾಕಲ್‌ನಲ್ಲಿ ತೂಗಾಡುತ್ತದೆ. ಯಾಕೆಂದರೆ ಭಾರ ಬಿದ್ದು ಪ್ಲೇಟು ಚಪ್ಪಟೆಯಾದರೆ ಅದರ ಉದ್ದ ಜಾಸ್ತಿ ಆಗುತ್ತದೆ. ಆ ಉದ್ದ ಹೋಗೋಕೆ ಜಾಗ ಬೇಕಲ್ಲ, ಅದನ್ನು ಶ್ಯಾಕಲ್ ಕೊಡುತ್ತದೆ.

ಬಿಚ್ಚುವ ಮುಂಚೆಯೇ ಒಂದು ಕೆಲಸ ಮಾಡಿದ್ದು ಒಳ್ಳೆಯದಾಯಿತು. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಎರಡೂ ಕಡೆ ಅಳೆದು ಗೋಡೆಯ ಮೇಲೆ ಬರೆದಿದ್ದೆ. ಬಲಗಡೆ 18 ಮಿಲಿಮೀಟರ್ ತಗ್ಗಿತ್ತು. ಡ್ರೈವರ್ ಕೂರುವ ಕಡೆ ವರ್ಷಗಟ್ಟಲೆ ಭಾರ ಬಿದ್ದು ಪ್ಲೇಟು ಸೋತಿತ್ತು. ಇನ್ನೊಂದು, ಪ್ರತಿ ಸೆಟ್ಟಿನ ಮೇಲೂ ಯಾವ ತುದಿ ಮುಂದಕ್ಕೆ ಅಂತ ಸೆಂಟರ್ ಪಂಚ್‌ನಲ್ಲಿ ಚುಕ್ಕಿ ಹೊಡೆದಿದ್ದೆ. ಎಷ್ಟೋ ಗಾಡಿಗಳಲ್ಲಿ ಪ್ಲೇಟುಗಳನ್ನೆಲ್ಲ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟು ನಡುಮಧ್ಯದಲ್ಲಿ ಇರುವುದಿಲ್ಲ. ತಿರುಗಿಸಿ ಕೂರಿಸಿದರೆ ಆಕ್ಸಲ್ ಹಿಂದೆಮುಂದೆ ಆಗುತ್ತದೆ. ಬಣ್ಣ ಬಳಿದು ಗುರುತು ಮಾಡಿದರೆ ಉಜ್ಜುವಾಗ ಹೊರಟುಹೋಗುತ್ತದೆ, ಪಂಚ್ ಗುರುತು ಹೋಗಲ್ಲ.

ಸೆಂಟರ್ ಬೋಲ್ಟ್ ಬಿಚ್ಚುವವರು ದಯವಿಟ್ಟು ಒಂದು ನೆನಪಿಡಿ. ಪ್ಲೇಟುಗಳು ಒಂದರ ಮೇಲೊಂದು ಬಲವಂತವಾಗಿ ಕೂತಿರುತ್ತವೆ. ಒಂದೊಂದಕ್ಕೂ ಬಾಗು ಬೇರೆ. ನಟ್ಟು ತೆಗೆದ ತಕ್ಷಣ ಚಿಮ್ಮುತ್ತವೆ. ನಾವು ಎರಡು ದೊಡ್ಡ ಸಿ ಕ್ಲ್ಯಾಂಪ್ ಬಿಗಿದು, ಆಮೇಲೆ ಬೋಲ್ಟ್ ತೆಗೆದು, ಕ್ಲ್ಯಾಂಪನ್ನು ಒಂದೊಂದೇ ಸುತ್ತು ಸಡಿಲ ಮಾಡಿದೆವು. ಜೋಡಿಸುವಾಗಲೂ ಅದೇ ಕ್ರಮ, ಉಲ್ಟಾ.

ಪ್ಲೇಟುಗಳ ನಡುವೆ ತುಕ್ಕು ಪದರ ಪದರವಾಗಿ ಕೂತಿತ್ತು. ಗಾಡಿ ಓಡುವಾಗ ಪ್ಲೇಟುಗಳು ಒಂದರ ಮೇಲೊಂದು ಜಾರಬೇಕು. ಜಾರದಿದ್ದರೆ ಆರು ಪ್ಲೇಟು ಸೇರಿ ಒಂದು ದಪ್ಪ ಕಬ್ಬಿಣದ ತುಂಡಿನ ಹಾಗೆ ಆಗುತ್ತದೆ. ಅಪ್ಪನ ಕೊನೆಯ ವರ್ಷಗಳಲ್ಲಿ ಹಿಂದಿನ ಸೀಟಿನಲ್ಲಿ ಕೂತರೆ ಎತ್ತಿನಗಾಡಿಯಲ್ಲಿ ಕೂತ ಹಾಗಿತ್ತು. ಕಾರಣ ಶಾಕ್ ಅಬ್ಸಾರ್ಬರ್ ಅಂತ ಎಲ್ಲರೂ ಹೇಳುತ್ತಿದ್ದರು. ನಿಜವಾದ ಕಾರಣ ಈ ತುಕ್ಕು ಮತ್ತೆ ಆ ಜಾಸ್ತಿ ಪ್ಲೇಟು. ವೈರ್ ಬ್ರಶ್, ಆಮೇಲೆ ಎಮರಿ ಪೇಪರ್, ಆಮೇಲೆ ಡೀಸೆಲ್‌ನಲ್ಲಿ ಅದ್ದಿದ ಬಟ್ಟೆ. ಎರಡು ಭಾನುವಾರ ಇದಕ್ಕೇ ಹೋಯಿತು. ಗ್ರೈಂಡರ್ ಹಾಕೋಣ ಅಂದೆ, ಮಾವ ಬೇಡ ಅಂದರು. ಗ್ರೈಂಡರ್ ಎಳೆದ ಗೀರು ಅಡ್ಡಕ್ಕೆ ಬಿದ್ದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಬಸ್ಸುಗಳಲ್ಲಿ ಅಂಥದ್ದನ್ನು ಅವರು ಎಷ್ಟೋ ನೋಡಿದ್ದಾರೆ.

ಸೋತ ಪ್ಲೇಟಿಗೆ ಬಾಗು ಕೊಡಿಸೋಕೆ ಹೈವೇ ಪಕ್ಕದ ಒಂದು ಪ್ಲೇಟ್ ಅಂಗಡಿಗೆ ಹೋದೆವು. ಅಲ್ಲಿ ದಿನವಿಡೀ ಲಾರಿ ಪ್ಲೇಟುಗಳದೇ ಕೆಲಸ. ನಮ್ಮ ಪದ್ಮಿನಿಯ ಪ್ಲೇಟು ಅವುಗಳ ಪಕ್ಕ ಸ್ಕೇಲಿನ ಹಾಗೆ ಕಾಣುತ್ತಿತ್ತು. ಆ ಅಂಗಡಿಯ ಭಾಯ್ ಬೆಂಕಿ ಹಚ್ಚಲಿಲ್ಲ. ಇದು ಬಹಳ ಮುಖ್ಯ. ಪ್ಲೇಟಿನ ಉಕ್ಕು ಸಿಲಿಕಾನ್ ಬೆರೆಸಿದ್ದು. 65ಎಸ್‌ಐ7 ಅಂತ ಕರೆಯುವ ಜಾತಿ ನಮ್ಮಲ್ಲಿ ಪ್ಲೇಟಿಗೆ ಜಾಸ್ತಿ ಬಳಕೆ. ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಅದಕ್ಕೆ ಸ್ಪ್ರಿಂಗ್ ಗುಣ ಕೊಟ್ಟಿರುತ್ತಾರೆ. ಗ್ಯಾಸ್ ಕಟರ್‌ನಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿದರೆ ಬಾಗೇನೋ ಬರುತ್ತದೆ, ಹದ ಹೋಗಿಬಿಡುತ್ತದೆ. ನಾಲ್ಕು ದಿನದಲ್ಲಿ ಮತ್ತೆ ಚಪ್ಪಟೆ. ವೆಲ್ಡಿಂಗ್ ಅಂತೂ ಬೇಡವೇ ಬೇಡ. ಭಾಯ್ ಪ್ಲೇಟನ್ನು ತಣ್ಣಗೇ ಅಡಿಗಲ್ಲಿನ ಮೇಲೆ ಇಟ್ಟು, ತುದಿಯಿಂದ ಶುರು ಮಾಡಿ ಬೆರಳಷ್ಟು ಬೆರಳಷ್ಟು ದೂರಕ್ಕೆ ಸುತ್ತಿಗೆ ಏಟು ಹಾಕುತ್ತಾ ಹೋದರು. ಒಂದೇ ತೂಕದ ಏಟು. ಪ್ರತಿ ಹತ್ತು ಏಟಿಗೆ ಎತ್ತಿ, ಎಡಗಡೆಯ ಪ್ಲೇಟಿನ ಮೇಲೆ ಇಟ್ಟು, ನಡುವೆ ಬೆಳಕು ಕಾಣುತ್ತಾ ಅಂತ ನೋಡುವುದು. ನಾನು ಅರ್ಧ ಗಂಟೆ ಬಾಯಿ ಬಿಡದೆ ನಿಂತು ನೋಡಿದೆ. ಅಂಥ ಕೈ ಇನ್ನು ಎಷ್ಟು ದಿನ ಸಿಗುತ್ತದೋ.

ಅಪ್ಪನ ಪ್ಲೇಟು ಹಾಕಬೇಕೋ ಬೇಡವೋ ಅಂತ ಮನೆಯಲ್ಲಿ ಮಾತಾಯಿತು. ಅಮ್ಮ "ಅವ್ರು ಹಾಕ್ಸಿದ್ದು, ಇರ್ಲಿ ಬಿಡೋ" ಅಂದರು. ನನಗೂ ಹಾಗೇ ಅನ್ನಿಸಿತು. ಮಾವ ಸುಮ್ನೆ ಕೇಳಿಸಿಕೊಂಡು, "ಅಕ್ಕಾ, ಇನ್ಮೇಲೆ ಅದ್ರಲ್ಲಿ ಕೂರೋಳು ನೀನು, ಕೊಬ್ಬರಿ ಅಲ್ಲ. ನಿನ್ನ ಸೊಂಟ ನೋಡ್ಕೋ" ಅಂದರು. ತೆಗೆದೆವು. ಎರಡನ್ನೂ ತೊಳೆದು, ರೆಡ್ ಆಕ್ಸೈಡ್ ಬಳಿದು, ಶೆಡ್ಡಿನ ಅಟ್ಟದಲ್ಲಿ ಇಟ್ಟಿದ್ದೇನೆ.

ಉಳಿದ ಪ್ಲೇಟುಗಳ ಹೊರಮೈಗೆ ರೆಡ್ ಆಕ್ಸೈಡ್ ಮೇಲೆ ಕಪ್ಪು ಎನಾಮಲ್. ಒಳಮೈಗೆ, ಅಂದರೆ ಒಂದಕ್ಕೊಂದು ತಾಗುವ ಕಡೆಗೆ, ಗ್ರಾಫೈಟ್ ಪುಡಿ ಉಜ್ಜಿದೆವು. ಕೆಲವರು ಬರೀ ಗ್ರೀಸ್ ಹಚ್ಚುತ್ತಾರೆ. ನಮ್ಮ ಕಡೆಯ ರಸ್ತೆ ಧೂಳು ಗೊತ್ತಲ್ಲ, ಗ್ರೀಸಿಗೆ ಧೂಳು ಅಂಟಿ ಒಂದು ಬೇಸಿಗೆಗೆ ಉಪ್ಪುಕಾಗದದ ಥರ ಆಗಿಬಿಡುತ್ತದೆ.

ಬುಶ್ ತರೋಕೆ ಬೆಂಗಳೂರಿಗೆ ಹೋಗಲೇಬೇಕಾಯಿತು. ತುಮಕೂರಿನಲ್ಲಿ ಎರಡು ಅಂಗಡಿ ಕೇಳಿದೆ, ಪದ್ಮಿನಿ ಅಂದ ತಕ್ಷಣ ತಲೆ ಆಡಿಸಿದರು. ಬೆಳಗಿನ ರೈಲು ಹಿಡಿದು ಮೆಜೆಸ್ಟಿಕ್‌ಗೆ, ಅಲ್ಲಿಂದ ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ. ಮುಂಬೈನಲ್ಲಿ ಪದ್ಮಿನಿ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ ಬಿಡಿಭಾಗಕ್ಕೆ ಬರ ಇರಲಿಲ್ಲ. 2023ರ ಅಕ್ಟೋಬರ್ ಕೊನೆಗೆ ಅಲ್ಲಿ ಕೊನೆಯ ಕಪ್ಪು ಹಳದಿ ಪದ್ಮಿನಿಯೂ ರಸ್ತೆಯಿಂದ ಇಳಿಯಿತು. ಹಾಗಾಗಿ ಸಿಕ್ಕಿದಾಗ ಎರಡು ಸೆಟ್ ತಗೊಂಡು ಇಡುವುದು ವಾಸಿ. ಕೊಳ್ಳುವಾಗ ಒಂದು ನೋಡಿ: ರಬ್ಬರನ್ನು ಉಗುರಿನಲ್ಲಿ ಒತ್ತಿದರೆ ಗುರುತು ಬಿದ್ದು ವಾಪಸ್ ಬರಬೇಕು. ನಾನು ಮೊದಲು ನೋಡಿದ ಸೆಟ್ಟು ಡಬ್ಬದಲ್ಲೇ ಒಣಗಿ ಅಂಚಿನಲ್ಲಿ ಸೀಳು ಬಿಟ್ಟಿತ್ತು. ಹೊಸದು ಅಂದರೆ ಬಳಸದಿರುವುದು ಅಷ್ಟೇ, ರಬ್ಬರಿಗೆ ಡಬ್ಬದ ಒಳಗೂ ವಯಸ್ಸಾಗುತ್ತದೆ.

ಹಳೇ ಬುಶ್ ತೆಗೆಯುವುದು ಕೈನೋವಿನ ಕೆಲಸ. ನಮ್ಮ ಗಾಡಿಯ ಮುಂದಿನ ಕಣ್ಣಿನಲ್ಲಿ ಇದ್ದದ್ದು ಮೆಕ್ಯಾನಿಕ್‌ಗಳು ಸೈಲೆಂಟ್ ಬ್ಲಾಕ್ ಅನ್ನುವ ಜಾತಿ. ಹೊರಗೊಂದು ಕಬ್ಬಿಣದ ತೋಳು, ಒಳಗೊಂದು ಕಬ್ಬಿಣದ ತೋಳು, ಎರಡಕ್ಕೂ ಅಂಟಿಕೊಂಡ ರಬ್ಬರ್ ನಡುವೆ. ಒಳಗಿನ ತೋಳನ್ನು ಬೋಲ್ಟ್ ಹಿಡಿಯುತ್ತದೆ, ಹೊರಗಿನದು ಪ್ಲೇಟಿನ ಕಣ್ಣಿನಲ್ಲಿ ಬಿಗಿಯಾಗಿ ಕೂರುತ್ತದೆ. ಮೊದಲು ರಬ್ಬರಿಗೆ ಡ್ರಿಲ್ ಹಾಕಿ ತೂತು ತೂತು ಮಾಡಿ ಒಳಗಿನ ತೋಳು ಕಿತ್ತೆವು. ಆಮೇಲೆ ಹ್ಯಾಕ್ಸಾ ಬ್ಲೇಡನ್ನು ಕಣ್ಣಿನ ಒಳಗೆ ತೂರಿಸಿ, ಹೊರಗಿನ ತೋಳಿಗೆ ಒಂದು ಸೀಳು. ಇಲ್ಲಿ ಆತುರ ಬೇಡ. ತೋಳು ಕಡಿದ ಮೇಲೆ ಬ್ಲೇಡು ಇನ್ನೊಂದು ಎಳೆತ ಜಾಸ್ತಿ ಹೋದರೆ ಪ್ಲೇಟಿನ ಕಣ್ಣಿಗೇ ಗಾಯ. ಕಬ್ಬಿಣದ ಪುಡಿಯ ಬಣ್ಣ ನೋಡುತ್ತಾ ಕೊಯ್ದೆ. ಸೀಳು ಬಿದ್ದ ತೋಳನ್ನು ಸಣ್ಣ ಉಳಿಯಿಂದ ಒಳಕ್ಕೆ ಮಡಚಿದ ಮೇಲೆ ಒಂದೇ ಏಟಿಗೆ ಹೊರಬಂತು.

ಹೊಸ ಬುಶ್ಶನ್ನು ಹಿಂದಿನ ರಾತ್ರಿಯೇ ಫ್ರೀಜರ್‌ನಲ್ಲಿ ಇಟ್ಟಿದ್ದೆ. ಕಬ್ಬಿಣ ತಣ್ಣಗಾದರೆ ಒಂಚೂರು ಕುಗ್ಗುತ್ತದೆ, ಕೂರಿಸೋಕೆ ಅಷ್ಟು ಸಾಕು. ಬೆಂಚ್ ವೈಸ್‌ನ ಒಂದು ದವಡೆಗೆ ದೊಡ್ಡ ಸಾಕೆಟ್, ಇನ್ನೊಂದು ದವಡೆಗೆ ಬುಶ್‌ನಷ್ಟೇ ಅಗಲದ ಸಾಕೆಟ್ ಇಟ್ಟು ನಿಧಾನಕ್ಕೆ ತಿರುಗಿಸಿದೆ. ಸುತ್ತಿಗೆಯಲ್ಲಿ ಹೊಡೆದರೆ ತೋಳಿನ ಅಂಚು ಮಡಚಿಕೊಳ್ಳುತ್ತದೆ.

ಶ್ಯಾಕಲ್ ಕಡೆಯದು ಬರೀ ರಬ್ಬರ್ ಬುಶ್, ಕೈಯಲ್ಲೇ ತಳ್ಳಬೇಕು. ಒಣಗಿದ್ದಾಗ ಹೋಗುವುದಿಲ್ಲ. ಅಲ್ಲೇ ಇದ್ದ ಎಂಜಿನ್ ಆಯಿಲ್ ಡಬ್ಬಕ್ಕೆ ನಾನು ಬೆರಳು ಹಾಕುವಷ್ಟರಲ್ಲಿ ಮಾವ ಕೈ ಹಿಡಿದರು. ಪೆಟ್ರೋಲಿಯಂ ಎಣ್ಣೆ ತಾಗಿದರೆ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಅಡುಗೆಮನೆಯಿಂದ ಹರಳೆಣ್ಣೆ ತರಿಸಿದರು. ರಬ್ಬರಿಗೆ ಹರಳೆಣ್ಣೆ ಏನೂ ಮಾಡುವುದಿಲ್ಲ. ಹಿಂದಿನ ಕಾಲದಲ್ಲಿ ಬ್ರೇಕ್ ಆಯಿಲ್‌ಗೂ ಹರಳೆಣ್ಣೆ ಬೆರೆಸುತ್ತಿದ್ದದ್ದು ಇದೇ ಕಾರಣಕ್ಕೆ. ಅದು ಇಲ್ಲದಿದ್ದರೆ ಸೋಪಿನ ನೀರು ಸಾಕು. ಒಂದು ತೊಟ್ಟು ಹರಳೆಣ್ಣೆ ಸವರಿ, ಹೆಬ್ಬೆರಳಲ್ಲಿ ಒತ್ತಿ ತಿರುಗಿಸಿದೆ, ಬುಶ್ಶು ಪುಳಕ್ ಅಂತ ಒಳಗೆ ಕೂತಿತು.

ಗಾಡಿಗೆ ಕೂರಿಸುವ ದಿನ ಪಕ್ಕದ ಮನೆಯ ಹುಡುಗನನ್ನೂ ಕರೆದೆವು. ಬಾಡಿ ನಾಲ್ಕು ಸ್ಟ್ಯಾಂಡ್ ಮೇಲೆ. ಜಾಕ್ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ, ಹಾಲೋ ಬ್ಲಾಕ್ ಇಟ್ಟು ಅದರ ಮೇಲೆ ಗಾಡಿ ನಿಲ್ಲಿಸುವುದಂತೂ ಬೇಡವೇ ಬೇಡ. ಅದು ಮುಂಚೆ ಹೇಳದೆ ಒಡೆಯುತ್ತದೆ. ನಮ್ಮ ಸ್ಟ್ಯಾಂಡು ಲೇತ್ ಅಂಗಡಿಯಲ್ಲಿ ಮಾಡಿಸಿದ್ದು, ದಪ್ಪ ಪೈಪಿನದು. ಮೊದಲು ಪ್ಲೇಟ್ ಸೆಟ್ಟಿನ ಮುಂದಿನ ಕಣ್ಣು, ಬೋಲ್ಟ್ ತೂರಿಸಿ ನಟ್ಟು ಕೈಯಲ್ಲಷ್ಟೇ. ಆಮೇಲೆ ಶ್ಯಾಕಲ್, ಅದೂ ಕೈಯಲ್ಲಷ್ಟೇ. ಆಮೇಲೆ ಆಕ್ಸಲನ್ನು ಜಾಕ್ ಮೇಲೆ ಕೂರಿಸಿ, ಒಬ್ಬರು ಎಡಕ್ಕೆ ಒಬ್ಬರು ಬಲಕ್ಕೆ ಹಿಡಿದು, ಜಾಗಕ್ಕೆ ತಂದೆವು. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಸೀಟಿನ ತೂತಿನಲ್ಲಿ ಕೂರಬೇಕು. ಅದು ಕೂತರೆ ಆಕ್ಸಲ್ ಜಾಗ ತಾನೇ ಸರಿಹೋಗುತ್ತದೆ. ಕೂರದೆ ಯು ಬೋಲ್ಟ್ (ಪ್ಲೇಟ್ ಸೆಟ್ಟನ್ನು ಆಕ್ಸಲ್ಲಿಗೆ ಬಿಗಿಯುವ ಯು ಆಕಾರದ ಬೋಲ್ಟ್) ಬಿಗಿದರೆ ಗಾಡಿ ಏಡಿಯ ಹಾಗೆ ಓರೆಯಾಗಿ ಓಡುತ್ತದೆ. ತೂತಿನಲ್ಲಿ ಹಳೇ ಮಣ್ಣು ಗಟ್ಟಿಯಾಗಿತ್ತು, ಸ್ಕ್ರೂಡ್ರೈವರ್‌ನಿಂದ ಕೆರೆದು ತೆಗೆದ ಮೇಲೆ ಬೋಲ್ಟಿನ ತಲೆ ಟಪ್ ಅಂತ ಬಿತ್ತು. ಅದು ಬೀಳುವುದು ಕೈಗೇ ಗೊತ್ತಾಗುತ್ತದೆ.

ಶಾಕ್ ಅಬ್ಸಾರ್ಬರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊಸದು ತಂದೆವು. ಕೂರಿಸುವ ಮುಂಚೆ ನೆಟ್ಟಗೆ ನಿಲ್ಲಿಸಿ ಏಳೆಂಟು ಸಲ ಪೂರ್ತಿ ಎಳೆದು ಒತ್ತಿ ಒಳಗಿನ ಗಾಳಿ ಬಿಡಿಸಬೇಕು, ಅಷ್ಟೇ. ಬ್ರೇಕ್ ಹೋಸ್, ಹ್ಯಾಂಡ್‌ಬ್ರೇಕ್ ಕೇಬಲ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲ ಅವತ್ತೇ ಸೇರಿಸಿದೆವು. ಬ್ರೇಕಿನ ಗಾಳಿ ತೆಗೆದದ್ದು ಸಂಜೆ ಏಳಕ್ಕೆ.

ಆಮೇಲೆ ನಾನು ಸ್ಪ್ಯಾನರ್ ತಗೊಂಡು ಮುಂದಿನ ಕಣ್ಣಿನ ಬೋಲ್ಟ್ ಬಿಗಿಯೋಕೆ ಹೋದೆ. ಮಾವ ಕೂತಲ್ಲಿಂದಲೇ ಕೂಗಿದರು. "ಈಗ್ಲೇ ಬೇಡ ಕಣೋ. ಗಾಡಿ ಇನ್ನೂ ನೇತಾಡ್ತಾ ಇದೆ."

ಈ ಒಂದು ವಿಷಯಕ್ಕಾಗಿಯೇ ಇಷ್ಟೆಲ್ಲ ಬರೆಯೋಕೆ ಕೂತದ್ದು. ಹಳೇ ಗಾಡಿಗಳ ಬುಶ್ ಬೇಗ ಹೋಗುತ್ತೆ ಅಂತ ಬೈಯುವವರಲ್ಲಿ ಎಷ್ಟೋ ಜನ ಇಲ್ಲೇ ತಪ್ಪಿರುತ್ತಾರೆ. ಗಾಡಿ ಸ್ಟ್ಯಾಂಡ್ ಮೇಲೆ ಇದ್ದಾಗ ಆಕ್ಸಲ್ ಕೆಳಕ್ಕೆ ಜೋತಿರುತ್ತದೆ. ಪ್ಲೇಟು ಪೂರ್ತಿ ಬಾಗಿರುತ್ತದೆ. ಗಾಡಿ ನೆಲಕ್ಕೆ ಇಳಿದರೆ ಪ್ಲೇಟು ಚಪ್ಪಟೆಯಾಗುತ್ತದೆ, ಆಗ ಎರಡು ತುದಿಯ ಕಣ್ಣುಗಳೂ ಸ್ವಲ್ಪ ತಿರುಗುತ್ತವೆ. ಸೈಲೆಂಟ್ ಬ್ಲಾಕ್‌ನಲ್ಲಿ ಜಾರುವ ಭಾಗ ಯಾವುದೂ ಇಲ್ಲ. ಆ ತಿರುವನ್ನೆಲ್ಲ ರಬ್ಬರೇ ತಿರುಚಿಕೊಂಡು ನುಂಗಬೇಕು. ನೇತಾಡುವಾಗಲೇ ಬೋಲ್ಟ್ ಬಿಗಿದರೆ ರಬ್ಬರಿನ ನೆಮ್ಮದಿಯ ಸ್ಥಿತಿ ಅದೇ ಅಂತ ಆಗಿಬಿಡುತ್ತದೆ. ಆಮೇಲೆ ಗಾಡಿ ಸುಮ್ನೆ ಮನೆ ಮುಂದೆ ನಿಂತಿದ್ದರೂ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಗುಂಡಿಗೆ ಬಿದ್ದರೆ ಇನ್ನೂ ತಿರುಚುತ್ತದೆ. ಸ್ವಲ್ಪ ದಿನಕ್ಕೆ ಹರಿಯುತ್ತದೆ. ಹರಿಯುವ ಮುಂಚೆ ಗಾಡಿಯ ಹಿಂಭಾಗವನ್ನೂ ಎತ್ತಿ ಹಿಡಿದಿರುತ್ತದೆ. ಎತ್ತರದ ಅಳತೆಯೇ ಸುಳ್ಳಾಗುತ್ತದೆ.

ಒದ್ದೆ ಟವೆಲ್ಲನ್ನು ಎರಡು ತುದಿ ಹಿಡಿದು ಒಂದು ಸುತ್ತು ಹಿಂಡಿ ತೋರಿಸಿದರು ಮಾವ. "ಇದೇ ಸ್ಥಿತೀಲಿ ದಿನಾ ಮಲಗ್ತೀಯಾ?" ಅಂತ ಕೇಳಿದರು.

ಹಾಗಾದರೆ ಬಿಗಿ ಮಾಡೋದು ಯಾವಾಗ? ಗಾಡಿ ತನ್ನ ಭಾರ ತಾನು ಹೊತ್ತು ನಿಂತಾಗ. ಆದರೆ ಆಗ ಕೆಳಗೆ ಹೋಗೋಕೆ ಜಾಗ ಇರುವುದಿಲ್ಲ. ಪಿಟ್ ಇರುವವರಿಗೆ ತೊಂದರೆ ಇಲ್ಲ. ನಾವು ಹೀಗೆ ಮಾಡಿದೆವು. ಚಕ್ರ ಹಾಕಿ, ಗಾಡಿ ಪೂರ್ತಿ ಇಳಿಸಿ, ಅಂಗಳದಲ್ಲಿ ಹತ್ತು ಹೆಜ್ಜೆ ಹಿಂದಕ್ಕೆ ಮುಂದಕ್ಕೆ ತಳ್ಳಿದೆವು. ಡಿಕ್ಕಿಯ ಮೇಲೆ ಭಾರ ಹಾಕಿ ಹತ್ತಿಪ್ಪತ್ತು ಸಲ ಕುಲುಕಿದೆವು. ಹಾಗೆ ಮಾಡದಿದ್ದರೆ ಚಕ್ರಗಳು ನೆಲಕ್ಕೆ ಅಂಟಿಕೊಂಡು ಪ್ಲೇಟು ಪೂರ್ತಿ ಇಳಿಯುವುದಿಲ್ಲ. ಆಮೇಲೆ ಜಾಕ್ ಹಾಕಿ ಎತ್ತಿ, ಸ್ಟ್ಯಾಂಡುಗಳನ್ನು ಬಾಡಿಯ ಕೆಳಗೆ ಇಡದೆ ಆಕ್ಸಲ್ ಟ್ಯೂಬಿನ ಕೆಳಗೆ, ಎರಡು ತುದಿಗೆ, ಇಟ್ಟೆವು. ಚಕ್ರ ಗಾಳಿಯಲ್ಲಿದ್ದರೂ ಬಾಡಿಯ ಭಾರ ಪ್ಲೇಟಿನ ಮೇಲೇ ಇದೆ. ಪ್ಲೇಟಿಗೆ ಅದು ನೆಲದ ಮೇಲೆ ನಿಂತ ಹಾಗೇ. ಆ ಸ್ಥಿತಿಯಲ್ಲಿ ಮುಂದಿನ ಕಣ್ಣಿನ ಬೋಲ್ಟು, ಶ್ಯಾಕಲ್ ನಟ್ಟುಗಳು, ಶಾಕ್ ಅಬ್ಸಾರ್ಬರ್ ಬುಶ್ಶುಗಳು, ಎಲ್ಲವನ್ನೂ ಮ್ಯಾನುಯಲ್ ಹೇಳಿದಷ್ಟು ಬಿಗಿದೆವು. ಯು ಬೋಲ್ಟಿನ ನಾಲ್ಕು ನಟ್ಟನ್ನು ಮೂಲೆಯಿಂದ ಮೂಲೆಗೆ, ಮೂರು ಹಂತದಲ್ಲಿ. ಬೇಕಾದಷ್ಟು ಬಿಗಿಯಾದಾಗ ಸದ್ದು ಮಾಡಿ ತಿಳಿಸುವ ಟಾರ್ಕ್ ರೆಂಚ್ ಎರಡೂ ಕಡೆ ಟಕ್ ಅಂತ ಹೇಳಿತು.

ಶ್ಯಾಕಲ್ ಸ್ವಲ್ಪ ಹಿಂದಕ್ಕೆ ವಾಲಿ ನಿಂತಿತ್ತು. ಅದು ಸರಿ. ಮುಂದಕ್ಕೆ ವಾಲಿದ್ದರೆ ಬಾಗು ಜಾಸ್ತಿ ಆಗಿದೆ ಅಂತ ಅರ್ಥ, ಪ್ಲೇಟ್ ಅಂಗಡಿಗೆ ವಾಪಸ್ ಹೋಗಬೇಕಿತ್ತು. ಮಡ್‌ಗಾರ್ಡ್ ಅಳತೆಯಲ್ಲಿ ಎಡಕ್ಕೂ ಬಲಕ್ಕೂ ಈಗ 5 ಮಿಲಿಮೀಟರ್ ವ್ಯತ್ಯಾಸ. 18ರಿಂದ 5ಕ್ಕೆ ಬಂತು. ನನಗೆ ಅಷ್ಟೇ ಸಾಕಾಗಿತ್ತು.

ಮಾರನೇ ದಿನ ಬೆಳಿಗ್ಗೆ ಕ್ಯಾತ್ಸಂದ್ರದವರೆಗೆ ಹೋಗಿ ತಟ್ಟೆ ಇಡ್ಲಿ ತಿಂದು ಬರೋಣ ಅಂತ ಹೊರಟೆವು. ಹಿಂದಿನ ಸೀಟಿನಲ್ಲಿ ಅಮ್ಮ. "ಹೂವಿನ ಹಾಗಿದೆ ಕಣೋ" ಅಂದರು. ನಿಜಕ್ಕೂ ಹಾಗೇ ಇತ್ತು. ಆದರೆ ಸಿಗ್ನಲ್‌ನಲ್ಲಿ ನಿಂತು ಕ್ಲಚ್ ಬಿಟ್ಟಾಗ ಎಡಗಡೆ ಹಿಂದಿನಿಂದ ಒಂದು ಸದ್ದು ಬಂತು. ಟಕ್. ಒಂದೇ ಸಲ. ಬ್ರೇಕ್ ಹಿಡಿದಾಗ ಇನ್ನೊಂದು ಸಲ. ಮಾವ ನನ್ನ ಮುಖ ನೋಡಿದರು. ಇಡ್ಲಿ ತಿಂದೆವು, ಆದರೆ ಯಾರೂ ಮಾತಾಡಲಿಲ್ಲ.

ಮನೆಗೆ ಬಂದು ಮತ್ತೆ ಎತ್ತಿದೆವು. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದರೆ ಅದರ ಕೀಲು, ನೋಡಿದೆವು, ಗಟ್ಟಿಯಾಗಿತ್ತು. ಬುಶ್ಶುಗಳು ಸರಿಯಾಗಿದ್ದವು. ಯು ಬೋಲ್ಟಿಗೆ ಟಾರ್ಕ್ ರೆಂಚ್ ಹಾಕಿದರೆ ಮತ್ತೆ ಟಕ್ ಅಂತ ಹೇಳುತ್ತದೆ, ಬಿಗಿ ಇದೆ ಅಂತ. ಒಂದೂವರೆ ಗಂಟೆ ಹುಡುಕಿದೆವು. ಕೊನೆಗೆ ಟಾರ್ಚ್ ಬೆಳಕಿನಲ್ಲಿ ನನಗೆ ಒಂದು ಹೊಳೆಯುವ ಗೆರೆ ಕಂಡಿತು. ಪ್ಲೇಟ್ ಸೆಟ್ಟಿಗೂ ಯು ಬೋಲ್ಟಿನ ತಟ್ಟೆಗೂ ನಡುವೆ. ಹೊಸದಾಗಿ ಬಳಿದ ಕಪ್ಪು ಎನಾಮಲ್ ಅಲ್ಲಿ ಉಜ್ಜಿ ಹೋಗಿ ಉಕ್ಕು ಬೆಳ್ಳಗೆ ಮಿನುಗುತ್ತಿತ್ತು. ಹ್ಯಾಕ್ಸಾ ಬ್ಲೇಡ್ ತಗೊಂಡು ಅಲ್ಲಿ ಇಟ್ಟೆ. ಒಳಗೆ ಹೋಯಿತು. ಬಿಗಿಯಾಗಿ ಅಪ್ಪಿ ಹಿಡಿದಿರಬೇಕಾದ ಜಾಗದಲ್ಲಿ ಬ್ಲೇಡು ಸಲೀಸಾಗಿ ಓಡಾಡುತ್ತಿತ್ತು.

ನಟ್ಟು ಬಿಗಿ ಇದೆ, ಪ್ಲೇಟು ಸಡಿಲ ಇದೆ. ಹೇಗೆ?

ಕಾರಣ ಅಪ್ಪನ ಪ್ಲೇಟು. ಜಾಸ್ತಿ ಪ್ಲೇಟು ಸೇರಿಸಿದಾಗ ಸೆಟ್ಟು ದಪ್ಪ ಆಗಿತ್ತು, ಅದಕ್ಕೆ ಉದ್ದದ ಯು ಬೋಲ್ಟ್ ಹಾಕಿಸಿದ್ದರು. ಥ್ರೆಡ್ ತುದಿಯಿಂದ ಒಂದಿಷ್ಟು ದೂರದವರೆಗೆ ಮಾತ್ರ ಇರುತ್ತದೆ. ಈಗ ನಾವು 7 ಮಿಲಿಮೀಟರ್ ದಪ್ಪದ ಪ್ಲೇಟು ತೆಗೆದೆವು. ನಟ್ಟು ಅಷ್ಟು ಮೇಲಕ್ಕೆ ಹೋಗಬೇಕು. ಹೋಗುತ್ತಾ ಹೋಗುತ್ತಾ ಥ್ರೆಡ್ ಮುಗಿಯಿತು. ನಟ್ಟು ಥ್ರೆಡ್ಡಿನ ಕೊನೆಗೆ ಹೋಗಿ ಕಚ್ಚಿಕೊಂಡಿತು. ಟಾರ್ಕ್ ರೆಂಚಿಗೆ ಗೊತ್ತಾಗುವುದು ತಿರುಗಿಸೋಕೆ ಎಷ್ಟು ಬಲ ಬೇಕು ಅನ್ನುವುದು ಮಾತ್ರ. ಪ್ಲೇಟು ಒತ್ತಿದ್ದಕ್ಕೆ ಬಲ ಬೇಕಾಯಿತೋ, ಥ್ರೆಡ್ ಮುಗಿದದ್ದಕ್ಕೆ ಬಲ ಬೇಕಾಯಿತೋ ಅಂತ ಅದಕ್ಕೆ ತಿಳಿಯುವುದಿಲ್ಲ. ನಟ್ಟಿನಿಂದ ಆಚೆ ಎರಡು ಬೆರಳಷ್ಟು ಬೋಲ್ಟು ಚಾಚಿಕೊಂಡಿತ್ತು. ಬಿಗಿಯುವಾಗ ನಾನೇ ಅದನ್ನು ನೋಡಿದ್ದೆ. ಅದು ನನಗೆ ಏನನ್ನೋ ಹೇಳುತ್ತಿತ್ತು, ನಾನು ಕೇಳಿಸಿಕೊಳ್ಳಲಿಲ್ಲ.

ಬಲಗಡೆ ನೋಡಿದರೆ ಥ್ರೆಡ್ ಇನ್ನು ಒಂದೂವರೆ ಸುತ್ತು ಉಳಿದಿತ್ತು. ಅದಕ್ಕೇ ಅಲ್ಲಿ ಸದ್ದು ಇರಲಿಲ್ಲ. ಎಡಗಡೆ ಮಾತ್ರ ಆಕ್ಸಲ್ ಜೋಲಿ ಹೊಡೆಯುತ್ತಿತ್ತು. ಇಂಥ ಸ್ಥಿತಿಯಲ್ಲಿ ಆಕ್ಸಲನ್ನು ಹಿಂದೆಮುಂದೆ ಹೋಗದಂತೆ ಹಿಡಿದದ್ದು ಸೆಂಟರ್ ಬೋಲ್ಟು ಒಂದೇ. ಅದರ ಕೆಲಸ ಜಾಗ ತೋರಿಸುವುದು, ಎಳೆತ ತಡೆಯುವುದಲ್ಲ. ಅದು ತುಂಡಾದರೆ ಆಕ್ಸಲ್ ಒಂದು ಕಡೆ ಹಿಂದಕ್ಕೆ ಸರಿದು ಗಾಡಿ ತಿರುಗಿಬಿಡುತ್ತದೆ. ಹೈವೇಯಲ್ಲಿ ಹಿಂದೆ ಲಾರಿ, ಒಳಗೆ ಅಮ್ಮ. ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ದಪ್ಪ ವಾಷರ್ ಹಾಕಿ ಬಿಗಿದುಬಿಡಿ ಅಂತ ಒಬ್ಬರು ಸಲಹೆ ಕೊಟ್ಟರು. ಮಾವ ಒಪ್ಪಲಿಲ್ಲ. ಬಳಸಿದ ಯು ಬೋಲ್ಟನ್ನು ಮತ್ತೆ ಹಾಕಿದ್ದೇ ನಮ್ಮ ಮೊದಲ ತಪ್ಪು ಅಂದರು. ಒಂದು ಸಲ ಬಿಗಿದು ಎಳೆತ ತಿಂದ ಯು ಬೋಲ್ಟು, ಥ್ರೆಡ್ ಕಚ್ಚಿಕೊಂಡ ಯು ಬೋಲ್ಟು, ಎರಡನ್ನೂ ನಂಬಬಾರದು. ಹಳೇದನ್ನು ಅಳತೆಗೆ ತಗೊಂಡು ಹೋಗಿ ನಾಲ್ಕೂ ಹೊಸದು ತಂದೆವು. ಆಕ್ಸಲ್ ಟ್ಯೂಬಿಗೆ ಸರಿಯಾಗಿ ಕೂರುವ ಸುತ್ತು, ಅದೇ ದಪ್ಪ, ಆದರೆ ಥ್ರೆಡ್ ಜಾಸ್ತಿ ಇರುವುದು. ಸಾದಾ ಕಬ್ಬಿಣದ ರಾಡ್ ಬಗ್ಗಿಸಿ ಮಾಡಿಕೊಡುತ್ತೇನೆ ಅಂದ ಕಡೆ ತಗೊಳ್ಳಲಿಲ್ಲ. ಸಾದಾ ಕಬ್ಬಿಣ ಬಿಗಿದ ಮೇಲೆ ನಿಧಾನಕ್ಕೆ ಹಿಗ್ಗುತ್ತದೆ, ಬಿಗಿ ತಾನಾಗಿ ಹೋಗುತ್ತದೆ. ನಟ್ಟುಗಳೂ ಹೊಸವು. ಸೆಂಟರ್ ಬೋಲ್ಟುಗಳನ್ನೂ ಬದಲಾಯಿಸಿದೆವು, ಎಡಗಡೆಯದರ ಕತ್ತಿನಲ್ಲಿ ಆಗಲೇ ತೇದ ಗುರುತಿತ್ತು.

ಈ ಸಲ ಬಿಗಿಯುವ ಮುಂಚೆ ನಟ್ಟನ್ನು ಕೈಯಲ್ಲಿ ಖಾಲಿ ಯು ಬೋಲ್ಟಿಗೆ ಹಾಕಿ, ಎಲ್ಲಿಯವರೆಗೆ ಹೋಗುತ್ತದೆ ಅಂತ ನೋಡಿ, ಅಲ್ಲಿ ಚಾಕ್‌ಪೀಸಿನಲ್ಲಿ ಗೆರೆ ಎಳೆದೆ. ಗಾಡಿಗೆ ಹಾಕಿ ಬಿಗಿದ ಮೇಲೆ ನಟ್ಟಿಗೂ ಆ ಗೆರೆಗೂ ನಡುವೆ 9 ಮಿಲಿಮೀಟರ್ ಥ್ರೆಡ್ ಉಳಿದಿತ್ತು. ಹ್ಯಾಕ್ಸಾ ಬ್ಲೇಡ್ ಎಲ್ಲಿ ಇಟ್ಟರೂ ಒಳಗೆ ಹೋಗಲಿಲ್ಲ. ಮತ್ತೆ ಅದೇ ಕ್ರಮ: ಇಳಿಸು, ತಳ್ಳು, ಕುಲುಕು, ಆಕ್ಸಲ್ ಕೆಳಗೆ ಸ್ಟ್ಯಾಂಡ್, ಬುಶ್ ಬೋಲ್ಟುಗಳನ್ನು ಸಡಿಲಿಸಿ ಮತ್ತೆ ಬಿಗಿ.

ಹೋದ ಭಾನುವಾರ ನಾಮದ ಚಿಲುಮೆ ದಾರಿಯಲ್ಲಿ ದೇವರಾಯನದುರ್ಗಕ್ಕೆ ಹೋದೆವು. ಏರಿನಲ್ಲಿ ಫಸ್ಟ್ ಗೇರ್ ಹಾಕಿ ಬೇಕೆಂದೇ ಎರಡು ಮೂರು ಕಡೆ ನಿಲ್ಲಿಸಿ ಕ್ಲಚ್ ಬಿಟ್ಟೆ. 1089 ಸಿಸಿ ಎಂಜಿನ್ ಎಳೆಯುವಷ್ಟನ್ನೂ ಎಳೆಯಿತು, ಹಿಂದಿನಿಂದ ಸದ್ದಿಲ್ಲ. ಇಳಿಜಾರಿನಲ್ಲಿ ತಿರುವುಗಳಲ್ಲಿ ಬ್ರೇಕ್ ಹಿಡಿದೆ, ಸದ್ದಿಲ್ಲ. ಮಾವ ಹಿಂದಿನ ಸೀಟಿನಲ್ಲಿ ನೆಲಕ್ಕೆ ಅಂಗೈ ಇಟ್ಟುಕೊಂಡು ಕೂತಿದ್ದರು, ಕಿವಿಗೆ ಕೇಳದಿದ್ದರೂ ಕೈಗೆ ತಿಳಿಯುತ್ತದೆ ಅಂತ. ಬೆಟ್ಟ ಇಳಿದು ಬಂದ ಮೇಲೆ ಕೈ ಎತ್ತಿ ಒರೆಸಿಕೊಂಡರು. "ಸರಿ ಇದೆ" ಅಂದರು.

ಹೊಸ ಪ್ಲೇಟ್ ಕೆಲಸ ಒಂದೇ ದಿನಕ್ಕೆ ಕೂರುವುದಿಲ್ಲ. ಬಣ್ಣದ ಪದರ ಒತ್ತಿಕೊಳ್ಳುತ್ತದೆ, ಪ್ಲೇಟುಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ, ಯು ಬೋಲ್ಟಿನ ಬಿಗಿ ಸ್ವಲ್ಪ ಇಳಿಯುತ್ತದೆ. ನಿನ್ನೆಗೆ 140 ಕಿಲೋಮೀಟರ್ ಆಗಿತ್ತು, ಮತ್ತೆ ಟಾರ್ಕ್ ರೆಂಚ್ ಹಾಕಿದೆ. ಎಡಗಡೆ ಎರಡು ನಟ್ಟು ಕಾಲು ಸುತ್ತು ತಗೊಂಡವು, ಬಲಗಡೆ ಒಂದು ನಟ್ಟು ಅದಕ್ಕಿಂತ ಕಡಿಮೆ. ಮಡ್‌ಗಾರ್ಡ್ ಅಳತೆಯ ವ್ಯತ್ಯಾಸ ಈಗ 4 ಮಿಲಿಮೀಟರ್. ಗೋಡೆಯ ಮೇಲೆ ತಾರೀಖು ಹಾಕಿ ಬರೆದಿದ್ದೇನೆ. 500 ಕಿಲೋಮೀಟರ್ ಆದಾಗ ಇನ್ನೊಂದು ಸಲ ನೋಡಬೇಕು. ಮುಂದಿನ ಭಾನುವಾರದಿಂದ ಮುಂದಿನ ಚಕ್ರಗಳ ಕೆಲಸ ಶುರು.